ಜಕ್ಕೂರಿನ ನಲವತ್ತು ಹೊಗೆಯಿಲ್ಲದ ಒಲೆಗಳು

ನಮ್ಮ ಗುಂಡಣ್ಣ ಚಿಕ್ಕಪ್ಪ ಅಧಿಕಾರಿಯಾದದ್ದು ಯಶವಂತಪುರದಲ್ಲಿ, ಒಂದು ಭಾನುವಾರ, ಎರಡನೇ ಚಕ್ಕುಲಿ ಮುರಿಯುವ ಹೊತ್ತಿಗೆ. ಮೊದಲನೇ ಚಕ್ಕುಲಿ ಮುಗಿಯುವವರೆಗೂ ಅವರು ಯಲಹಂಕದ ನಿರ್ಧೂಮ ಗೃಹ ಸಂಘದಲ್ಲಿ ಟೆಂಪರರಿ ಗುಮಾಸ್ತರಾಗಿಯೇ ಇದ್ದರು.

ಹೆಣ್ಣು ನೋಡಲು ಹೋಗಿದ್ದೆವು. ಚಿಕ್ಕಪ್ಪನಿಗೆ ಮೂವತ್ತನಾಲ್ಕು ವರ್ಷ. ಇದು ಹನ್ನೊಂದನೇ ಹೆಣ್ಣು. ಹುಡುಗಿ ಸತ್ಯವತಿಯ ತಂದೆ ಜಯಸಿಂಹರು ರೈಲ್ವೆಯಲ್ಲಿ ಟಿಕೆಟ್ ಕಲೆಕ್ಟರು. ಯಾರನ್ನು ಕಂಡರೂ ಮುಖಕ್ಕಿಂತ ಮೊದಲು ಕೈ ನೋಡುವ ಅಭ್ಯಾಸ ಅವರಿಗೆ. ಚಿಕ್ಕಪ್ಪನ ಕೈಯಲ್ಲಿ ಚಕ್ಕುಲಿ ಬಿಟ್ಟರೆ ಏನೂ ಇರಲಿಲ್ಲ.

"ಏನ್ ಕೆಲ್ಸ ಅಂದ್ರಿ?"

"ಮೌಲ್ಯಮಾಪನಾಧಿಕಾರಿ" ಎಂದರು ಚಿಕ್ಕಪ್ಪ. ದೆಹಲಿಯಿಂದ ಸಂಘಕ್ಕೆ ಬಂದಿದ್ದ ಒಂದು ಕಾಗದದಲ್ಲಿ ಆ ಪದವನ್ನು ಹಿಂದಿನ ದಿನವಷ್ಟೇ ಓದಿದ್ದರು.

"ಅಂದ್ರೆ?"

"ಅಂದ್ರೆ... ಮಾಡಿದ ಕೆಲಸ ಸರಿಯಾಗಿ ಆಗಿದ್ಯಾ ಇಲ್ವಾ ಅಂತ ನೋಡೋದು."

"ಅದಕ್ಕೂ ಒಬ್ಬ ಅಧಿಕಾರಿ ಬೇಕೇನ್ರೀ? ನಮ್ಮನೇಲಿ ಅದನ್ನ ನಮ್ಮಾಕೆ ಪುಕ್ಕಟೆ ನೋಡ್ತಾಳೆ. ಹೋಗ್ಲಿ, ಖಾಯಮ್ಮೋ, ಟೆಂಪರರಿಯೋ?"

ಚಿಕ್ಕಪ್ಪ ಚಕ್ಕುಲಿ ನುಂಗಿದರು. "ಸದ್ಯಕ್ಕೆ ಟೆಂಪರರಿ. ಈ ವರದಿ ಒಂದು ಆಗ್ಲಿ, ಖಾಯಂ ಆದ ಹಾಗೇನೇ."

"ಹಾಗಾದ್ರೆ ಆರ್ಡರ್ ತೋರ್ಸಿ, ಅವತ್ತೇ ತಾಂಬೂಲ. ಟಿಕೆಟ್ ಇಲ್ದೆ ನಾನು ನನ್ನ ಭಾವಮೈದನನ್ನೂ ಗೇಟ್ ದಾಟಿಸಿದವನಲ್ಲ."

ಹಿಂತಿರುಗುವಾಗ ಜಟಕಾದಲ್ಲಿ ಚಿಕ್ಕಪ್ಪ ನನ್ನ ಕಡೆ ಬಾಗಿ, "ಪುಟ್ಟೀ, ಹುಡುಗಿ ನನ್ನ ನೋಡಿ ನಕ್ಕಳು, ಗಮನಿಸಿದ್ಯಾ?" ಎಂದರು. ಗಮನಿಸಿದ್ದೆ. ಸತ್ಯವತಿ ನಕ್ಕದ್ದು ಅವರ ಮೀಸೆಗೆ ಅಂಟಿದ್ದ ಚಕ್ಕುಲಿಯ ಚೂರು ನೋಡಿ. ಆದರೆ ಜಟಕಾದಲ್ಲಿ ಅಪ್ಪ, ಅಮ್ಮ ಎಲ್ಲರೂ ಇದ್ದರು. ಅಷ್ಟು ಜನರ ಮುಂದೆ ಬಾಯಿ ಬಿಡುವ ಅಭ್ಯಾಸ ನನಗಿಲ್ಲ.

ಎರಡನೇ ಪಂಚವಾರ್ಷಿಕ ಯೋಜನೆ ನಡೆಯುತ್ತಿದ್ದ ಕಾಲ ಅದು. ಹಳ್ಳಿಗಳನ್ನು ಉದ್ಧಾರ ಮಾಡಲು ದಿನಕ್ಕೊಂದು ಸಂಘ ಹುಟ್ಟುತ್ತಿತ್ತು. ನಿರ್ಧೂಮ ಗೃಹ ಸಂಘದ ಅಧ್ಯಕ್ಷೆ ಗಂಗರತ್ನಮ್ಮನವರು ಒಮ್ಮೆ ಮುಂಬಯಿಗೆ ಹೋಗಿ, ಅಲ್ಲಿ ಹೆಂಗಸರು ನಿಂತುಕೊಂಡು ಅಡಿಗೆ ಮಾಡುವುದನ್ನು ನೋಡಿ ಬಂದಿದ್ದರು. ನಿಂತು ಅಡಿಗೆ ಮಾಡಿದರೆ ದೇಶವೂ ಎದ್ದು ನಿಲ್ಲುತ್ತದೆ ಎಂಬುದು ಅವರ ನಂಬಿಕೆ. ಹಿಂದಿನ ವರ್ಷ ಜಕ್ಕೂರಿನಲ್ಲಿ ನಲವತ್ತು ಮನೆಗೆ ನಲವತ್ತು ಹೊಗೆಯಿಲ್ಲದ ಒಲೆ ಕಟ್ಟಿಸಿಕೊಟ್ಟಿದ್ದರು. ಸೊಂಟದೆತ್ತರದ ಕಟ್ಟೆ, ಮೇಲೆ ಎರಡು ಬಾಯಿ, ಹೊಗೆ ಹೋಗಲು ಸೂರಿನ ಆಚೆಗೆ ಒಂದು ಕೊಳವೆ. ಇನ್ನೂ ನಾನೂರು ಒಲೆಗೆ ಮಂಜೂರಾತಿ ಕೇಳಿದಾಗ ದೆಹಲಿಯ ಸಮಿತಿಯವರು, ಮೊದಲು ಈ ನಲವತ್ತರ ಮೌಲ್ಯಮಾಪನ ಮಾಡಿಸಿ ಎಂದು ಬರೆದಿದ್ದರು. ಚಿಕ್ಕಪ್ಪ ಓದಿದ್ದು ಆ ಕಾಗದವನ್ನೇ.

ನಮ್ಮ ಪಕ್ಕದ ಮನೆಯ ವೆಂಕಟರಾಮಯ್ಯ ಮೇಷ್ಟ್ರು ನಲವತ್ತು ವರ್ಷ ಪರೀಕ್ಷೆ ನಡೆಸಿ ನಿವೃತ್ತರಾದವರು. ಚಿಕ್ಕಪ್ಪ ಅವರ ಹತ್ತಿರ ಉಪದೇಶಕ್ಕೆ ಹೋದರು.

"ನೋಡೋ ಗುಂಡಣ್ಣ, ಹೊರಡೋಕೆ ಮುಂಚೆ ಅಧ್ಯಕ್ಷೆಯನ್ನ ಕೇಳು. ಏನು ತಿಳ್ಕೋಬೇಕು ನಿಮಗೆ ಅಂತ ಕೇಳು. ತಿಳಿದ ಮೇಲೆ ಏನ್ಮಾಡ್ತೀರಿ ಅಂತಲೂ ಕೇಳು. ಅಷ್ಟು ಗೊತ್ತಾಗದೆ ಒಂದು ಹೆಜ್ಜೆ ಇಡಬೇಡ."

ಚಿಕ್ಕಪ್ಪ ಇದನ್ನು ಅಂಗೈ ಮೇಲೆ ಬರೆದುಕೊಂಡು ಹೋದರು. ಅವರು ಮರೆತುಬಿಟ್ಟಿದ್ದ ಊಟದ ಡಬ್ಬಿ ಕೊಡಲು ಹೋಗಿದ್ದರಿಂದ ನಾನೂ ಸಂಘದ ವರಾಂಡದಲ್ಲಿದ್ದೆ.

"ತಿಳ್ಕೊಳ್ಳೋದೇನು ಗುಂಡಣ್ಣ? ನಮ್ಮ ಸಂಘದ ಹೆಸರೇ ನಿರ್ಧೂಮ. ಹೊಗೆ ಬರುತ್ತಾ ಇಲ್ವಾ? ಒಂದೇ ಪ್ರಶ್ನೆ. ಹಳ್ಳಿ ಜನಕ್ಕೆ ಹತ್ತು ಪ್ರಶ್ನೆ ಕೇಳಿ ಗೊಂದಲ ಮಾಡಬೇಡಿ" ಎಂದರು ಗಂಗರತ್ನಮ್ಮ.

ಚಿಕ್ಕಪ್ಪ ಅಂಗೈ ನೋಡಿಕೊಂಡರು. "ವರದಿ ಬಂದ ಮೇಲೆ ಅದನ್ನ ಏನ್ಮಾಡ್ತೀರಿ ಅಮ್ಮಾವ್ರೇ?"

"ಗಾಜಿನ ಕಟ್ಟು ಹಾಕಿಸಿ ಗೋಡೆಗೆ ಹಾಕ್ತೀನಿ."

"ಒಂದು ವೇಳೆ ಹೊಗೆ ಬಂದ್ರೆ?"

"ಬಂದ್ರೆ ನೀವು ಸರಿಯಾಗಿ ನೋಡ್ಲಿಲ್ಲ ಅಂತ ಅರ್ಥ."

ಹೀಗೆಂದು ಅವರು ಮೇಜಿನಿಂದ ಕಾಗದದ ಒಂದು ಕಂತೆ ತೆಗೆದರು. ವರದಿ ಆಗಲೇ ಅಚ್ಚಾಗಿತ್ತು. ಯುಗಾದಿ ಹತ್ತಿರ ಬಂದರೆ ಪ್ರೆಸ್ಸಿನವರಿಗೆ ಬಿಡುವಿರುವುದಿಲ್ಲವೆಂದು ಮುಂಚಿತವಾಗಿ ಮಾಡಿಸಿದ್ದರು. "ಪರಿಶೀಲಿಸಿದ ........ ಒಲೆಗಳ ಪೈಕಿ ........ ಒಲೆಗಳಲ್ಲಿ ಹೊಗೆ ಕಂಡುಬರಲಿಲ್ಲ. ಯೋಜನೆಯು ಸಂಪೂರ್ಣ ಯಶಸ್ವಿಯಾಗಿದೆ" ಎಂದಿತ್ತು. ಮೊದಲನೇ ವಾಕ್ಯದಲ್ಲಿ ಎರಡು ಕಡೆ ಖಾಲಿ ಜಾಗ ಬಿಟ್ಟಿದ್ದರು. ಎರಡನೇ ವಾಕ್ಯದಲ್ಲಿ ಎಲ್ಲಿಯೂ ಬಿಟ್ಟಿರಲಿಲ್ಲ.

"ಚುಕ್ಕಿ ಇರೋ ಕಡೆ ನಂಬರ್ ಬರೆದು, ಕೆಳಗೆ ಸಹಿ ಹಾಕಿ. ಸಮಿತಿಯಿಂದ ದಸ್ತಗೀರ್ ಸಾಹೇಬರು ಬರೋ ಶುಕ್ರವಾರ ಬರ್ತಾರೆ. ಅವರ ಎದುರಿಗೇ ನಿಮ್ಮ ಖಾಯಂ ಆರ್ಡರ್ ಕೊಡ್ತೀನಿ."

ಚಿಕ್ಕಪ್ಪನ ಅಂಗೈ ಬೆವರಿ, ಮೇಷ್ಟ್ರ ಉಪದೇಶ ಅಳಿಸಿಹೋಯಿತು.

ಮೌಲ್ಯಮಾಪನಕ್ಕೆ ಒಂದೇ ಒಂದು ಅಡಚಣೆ ಇತ್ತು. ಒಲೆ ಇರುವುದು ಅಡಿಗೆಮನೆಯಲ್ಲಿ. ಪರವೂರಿನ ಗಂಡಸು ಯಾರ ಅಡಿಗೆಮನೆಗೂ ನುಗ್ಗುವ ಹಾಗಿಲ್ಲ. ಆದ್ದರಿಂದ ಚಿಕ್ಕಪ್ಪ ಜಗಲಿಯಲ್ಲಿ ಕೂತು ಗಂಡಸರನ್ನು ಕೇಳುವುದು, ನಾನು ಒಳಗೆ ಹೋಗಿ ಒಲೆ ನೋಡುವುದು ಎಂದು ಯೋಜನೆಯಾಯಿತು. ನಾನು ಲೋವರ್ ಸೆಕೆಂಡರಿಗೇ ಶಾಲೆ ಬಿಟ್ಟು ಮನೆಯಲ್ಲಿದ್ದವಳು. "ಅವಳಿಗೆ ಮಾತು ಬರಲ್ಲ, ಕಣ್ಣು ಚೆನ್ನಾಗಿದೆ" ಎಂದು ಅಮ್ಮ ಕಳುಹಿಸಿಕೊಟ್ಟಳು.

ಜಕ್ಕೂರಿನಲ್ಲಿ ನಮ್ಮನ್ನು ಎದುರುಗೊಂಡವರು ಊರಿನ ಹಿರಿಯರು ಲಕ್ಕಣ್ಣನವರು. ಹಿಂದಿನ ದಿನವೇ ಅವರು ತಮಟೆ ಹೊಡೆಸಿ, ಒಲೆ ಕೊಟ್ಟವರು ನೋಡಲು ಬರುತ್ತಾರೆ, ಎಲ್ಲರೂ ಅಚ್ಚುಕಟ್ಟಾಗಿ ಇಟ್ಟುಕೊಂಡಿರಬೇಕು ಎಂದು ಸಾರಿಸಿದ್ದರು. ಊರೆಲ್ಲ ಸುಣ್ಣದ ವಾಸನೆ.

"ಹೊಗೆ ಬರುತ್ತಾ ಲಕ್ಕಣ್ಣನೋರೇ?"

"ಒಗೆನಾ? ದೇವ್ರಾಣೆಗೂ ಇಲ್ಲ ಸೋಮಿ! ಒಂದ್ ಎಳೆ ಒಗೆ ಬಂದಿದ್ರೆ ಕೇಳಿ. ಊರ್ಗೂರೇ ಸಾಕ್ಷಿ."

ಚಿಕ್ಕಪ್ಪ ಆನಂದದಿಂದ ಪುಸ್ತಕದಲ್ಲಿ ಒಂದು ಗೀಟು ಹಾಕಿದರು. ನಾನು ಅವರ ಮನೆಯೊಳಗೆ ಹೋದೆ. ಒಲೆ ಹಾಲಿನಂತೆ ಬೆಳ್ಳಗಿತ್ತು. ಕಟ್ಟೆಗೆ ಕೆಮ್ಮಣ್ಣಿನ ಅಂಚು, ಅದರ ಮೇಲೆ ಎಳೆ ರಂಗೋಲಿ, ಎರಡು ಬಾಯಿಗೂ ಅರಿಸಿನ ಕುಂಕುಮ, ನಡುವೆ ಒಂದು ದೀಪ. ಅಡಿಗೆ ಆಗುತ್ತಿದ್ದುದು ಹಿತ್ತಲಲ್ಲಿ, ಮೂರು ಕಲ್ಲಿನ ಮೇಲೆ. ಹಿತ್ತಲಲ್ಲಿದ್ದ ಸೊಸೆಯ ಕಣ್ಣು ಹೊಗೆಗೆ ಕೆಂಡದ ಹಾಗೆ ಕೆಂಪಾಗಿತ್ತು.

ಪಕ್ಕದ ಸೊಣ್ಣಮ್ಮನ ಮನೆಯಲ್ಲಿ ಒಲೆಯ ಒಂದು ಬಾಯಿಯಲ್ಲಿ ಒಣಗಿಸಿದ ಅವರೆಕಾಳು, ಇನ್ನೊಂದರಲ್ಲಿ ಕಾವಿಗೆ ಕೂತ ಕೋಳಿ. ಕೋಳಿ ನನ್ನನ್ನು ಕಂಡು ಗುರ್ ಎಂದಿತು. ಸೊಣ್ಣಮ್ಮ ನಾಚಿಕೊಂಡು, "ಯಾರ್ಗೂ ಏಳ್ಬ್ಯಾಡ ಕಣವ್ವ. ಬೆಚ್ಚಗಿರ್ತದೆ ಅಂತ ಕೂರ್ಸಿವ್ನಿ. ಕೋಳಿ ಎದ್ದ ಮ್ಯಾಕೆ ತೊಳ್ದು ಸುಣ್ಣ ಬಳೀತೀನಿ. ಒಲೆ ಕೊಟ್ಟ ದಿನ ಆಯಮ್ಮ ಆರತಿ ಎತ್ತಿ, 'ಮನೆಗೆ ಬಂದ ಸೊಸೆ ಅಂಗೆ ನೋಡ್ಕಳಿ, ಒಂದ್ ಕಲೆ ಬೀಳ್ಬಾರ್ದು' ಅಂದವ್ರೆ. ಬೆಂಕಿ ಆಕುದ್ರೆ ಕಲೆ ಬೀಳಾಕಿಲ್ವಾ?" ಎಂದಳು.

ಹೊರಗೆ ಬಂದು ಚಿಕ್ಕಪ್ಪನ ಕಿವಿಯಲ್ಲಿ, "ಚಿಕ್ಕಪ್ಪ, ಒಳಗೆ ಕೋಳಿ..." ಎಂದೆ.

"ಕೋಳಿ ವಿಷಯ ನಮ್ಮ ಪ್ರಶ್ನೆಯಲ್ಲಿಲ್ಲ ಪುಟ್ಟೀ. ಹೊಗೆ ಇತ್ತಾ?"

"ಇಲ್ಲ."

"ಮತ್ತೆ!" ಇನ್ನೊಂದು ಗೀಟು.

ಮೂರು ದಿನದಲ್ಲಿ ಮೂವತ್ತೊಂಬತ್ತು ಗೀಟುಗಳಾದವು. ಪ್ರತಿ ಜಗಲಿಯಲ್ಲೂ ಎಳನೀರು, ಮಜ್ಜಿಗೆ. ಮೇಲೆ ಊರ ಪಕ್ಕದ ಮೈದಾನದಿಂದ ವಿಮಾನ ಹಾರಿಸಲು ಕಲಿಯುವವರು ಗುಂಯ್‌ಗುಟ್ಟುತ್ತ ಸುತ್ತುವುದು, ಕೆಳಗೆ ಚಿಕ್ಕಪ್ಪ ಮೀಸೆ ಒರೆಸಿಕೊಂಡು ಮುಂದಿನ ಮನೆಗೆ ನಡೆಯುವುದು. ಮೇಲಿನವರಿಗಿಂತ ಕೆಳಗಿನವರೇ ಹೆಚ್ಚು ಎತ್ತರದಲ್ಲಿದ್ದ ಹಾಗೆ ಕಾಣುತ್ತಿತ್ತು.

ನಲವತ್ತನೆಯದು ಮುನಿಶಾಮಮ್ಮನ ಮನೆ. ಗಂಡ ಇಲ್ಲದ ಹೆಂಗಸು. ಬಾಗಿಲಿಗೆ ಕಂಬಳಿ ಇಳಿಬಿಟ್ಟು, ಅದಕ್ಕೆ ಅಡ್ಡ ನಿಂತಿದ್ದಳು.

"ಒಳಗೆ ಬರಾಂಗಿಲ್ಲ. ಸುಣ್ಣ ಒಣಗಿಲ್ಲ" ಎಂದಳು. ಹೇಳುತ್ತಿದ್ದ ಹಾಗೆಯೇ ಅಳು ಬಂದುಬಿಟ್ಟಿತು. "ತಪ್ಪಾಯ್ತು ಸೋಮಿ. ನಾನು ಒಲೆ ಅಚ್ಬುಟ್ಟೆ."

ಚಿಕ್ಕಪ್ಪನಿಗೆ ಅರ್ಥವಾಗಲಿಲ್ಲ. "ಒಲೆ ಹಚ್ಚಿದ್ದೀರಾ? ಅದ್ರಲ್ಲಿ ತಪ್ಪೇನಮ್ಮಾ?"

"ಯಾರೂ ಅಚ್ಚಿಲ್ವಲ್ಲ! ಮಳೆಗಾಲ್ದಲ್ಲಿ ಇತ್ಲಲ್ಲಿ ಸೌದೆ ನೆಂದೋಗಿತ್ತು. ಒಂದಿನ ಸಾರು ಕಾಯ್ಸಾಣ ಅಂತ ಅಚ್ಚುದೆ. ಒಗೆ ಬರ್ಲಿಲ್ಲ. ಅವತ್ತಿಂದ ದಿನಾ ಅಚ್ತಾ ಇವ್ನಿ. ಮಸಿ ಆಗೋಗದೆ. ಎಷ್ಟು ಸುಣ್ಣ ಬಳುದ್ರೂ ಓಯ್ತಿಲ್ಲ. ಊರ್ನೋರೆಲ್ಲ ಬೋದವ್ರೆ. ನನ್ ಎಸ್ರು ಬರ್ಕಬ್ಯಾಡಿ ಸೋಮಿ."

ಚಿಕ್ಕಪ್ಪ ಜಗಲಿ ಮೇಲೆ ಮೆಲ್ಲನೆ ಕೂತರು. ತಾವು ಹಾಕಿದ ಮೂವತ್ತೊಂಬತ್ತು ಗೀಟುಗಳನ್ನು ನೋಡಿದರು. ನನ್ನನ್ನು ನೋಡಿದರು.

"ಪುಟ್ಟೀ. ಕೋಳಿ ಅಂದ್ಯಲ್ಲ. ಎಲ್ಲಿತ್ತು ಅದು?"

ಹೇಳಿದೆ. ಒಂದೊಂದಾಗಿ ಮೂವತ್ತೊಂಬತ್ತು ಮನೆಯದೂ ಹೇಳಿದೆ. ನಾನು ಅಷ್ಟು ದೀರ್ಘವಾಗಿ ಮಾತಾಡಿದ್ದು ಹುಟ್ಟಿದ ಮೇಲೆ ಅದೇ ಮೊದಲು. ಚಿಕ್ಕಪ್ಪ ಮುನಿಶಾಮಮ್ಮನಿಗೆ, "ನಿಮ್ಮ ಹೆಸರು ಎಲ್ಲೂ ಬರೆಯಲ್ಲಮ್ಮಾ" ಎಂದು ಮಾತು ಕೊಟ್ಟು ಎದ್ದರು. ಆ ಮನೆಯಲ್ಲಿ ಮಜ್ಜಿಗೆ ಮುಟ್ಟಲಿಲ್ಲ.

ಚಿಕ್ಕಪ್ಪನ ದಿಗಿಲು ಯಲಹಂಕ ತಲುಪುವಷ್ಟರಲ್ಲಿ ವಾದವಾಗಿ ಬೆಳೆದಿತ್ತು. "ಸುಳ್ಳೇನಿಲ್ವಲ್ಲ ಮೇಷ್ಟ್ರೇ? ನಲವತ್ತರಲ್ಲೂ ಹೊಗೆ ಇಲ್ಲ. ಸತ್ಯವಾಗ್ಲೂ ಇಲ್ಲ!"

"ಪರೀಕ್ಷೆಗೇ ಕೂರದ ಹುಡುಗ ಒಂದು ತಪ್ಪೂ ಮಾಡಿಲ್ಲ ಅಂತ ಮೊದಲನೇ ಬಹುಮಾನ ಕೊಡ್ತೀಯೇನೋ?" ಎಂದು ಮೇಷ್ಟ್ರು ಬಾಗಿಲು ಹಾಕಿಕೊಂಡರು.

ಮರುದಿನ ಚಿಕ್ಕಪ್ಪ ಗಂಗರತ್ನಮ್ಮನವರಿಗೆ ಕೋಳಿ, ಅವರೆಕಾಳು, ರಂಗೋಲಿ ಎಲ್ಲ ಹೇಳಿದರಂತೆ. ಅವರು ರಂಗೋಲಿಯೊಂದನ್ನೇ ಕೇಳಿಸಿಕೊಂಡು, "ಎಷ್ಟು ಭಕ್ತಿ ನೋಡಿ ಜನಕ್ಕೆ!" ಎಂದರಂತೆ. ಒಲೆ ಹಚ್ಚುತ್ತಾರೆಯೇ ಎಂದು ದೆಹಲಿಯವರು ಕೇಳಿಲ್ಲ, ಕೇಳದ್ದಕ್ಕೆ ಉತ್ತರ ಕೊಡುವುದು ಉದ್ಧಟತನ ಎಂದೂ ತಿಳಿಸಿದರು. ಇನ್ನೊಂದು ಎಡವಟ್ಟು ಆಗಲೇ ಆಗಿಹೋಗಿತ್ತು. ಶುಕ್ರವಾರ ಖಾಯಂ ಆರ್ಡರನ್ನು ಕಣ್ಣಾರೆ ನೋಡಲು ಸಕುಟುಂಬ ಬರಬೇಕೆಂದು ಚಿಕ್ಕಪ್ಪ ಜಯಸಿಂಹರಿಗೆ ಕಾಗದ ಹಾಕಿಬಿಟ್ಟಿದ್ದರು.

ಶುಕ್ರವಾರ ಲಕ್ಕಣ್ಣನವರ ಅಂಗಳದಲ್ಲಿ ಚಪ್ಪರ, ಮಾವಿನ ತೋರಣ. ಬೆಂಚಿನ ಮೇಲೆ ದಸ್ತಗೀರ್ ಸಾಹೇಬರು. ಕೋಲಾರದ ಕಡೆಯವರು, ಮೆತ್ತಗಿನ ಮಾತು. ಪಕ್ಕದಲ್ಲಿ ಗಂಗರತ್ನಮ್ಮ; ಅವರ ಕೈಚೀಲದಿಂದ ಖಾಯಂ ಆರ್ಡರಿನ ಮೂಲೆ ಇಣುಕುತ್ತಿತ್ತು. ಎದುರು ಸಾಲಿನಲ್ಲಿ ಜಯಸಿಂಹರು, ಅವರ ಹೆಂಡತಿ, ಸತ್ಯವತಿ. ಜಯಸಿಂಹರು ಯಥಾಪ್ರಕಾರ ಎಲ್ಲರ ಕೈ ನೋಡುತ್ತಿದ್ದರು.

ಚಿಕ್ಕಪ್ಪ ವರದಿ ಓದಿದರು. "ಪರಿಶೀಲಿಸಿದ ನಲವತ್ತು ಒಲೆಗಳ ಪೈಕಿ ನಲವತ್ತು ಒಲೆಗಳಲ್ಲಿ ಹೊಗೆ ಕಂಡುಬರಲಿಲ್ಲ." ಊರಿನವರು ಚಪ್ಪಾಳೆ ತಟ್ಟಿದರು. ಎರಡನೇ ವಾಕ್ಯವನ್ನು ಅವರು ಓದಿದರೋ ನುಂಗಿದರೋ ಚಪ್ಪಾಳೆಯಲ್ಲಿ ತಿಳಿಯಲಿಲ್ಲ.

"ಬಹಳ ಸಂತೋಷ. ನೀವೇ ಕಣ್ಣಾರೆ ನೋಡಿದ್ರಾ?" ಎಂದರು ಸಾಹೇಬರು.

"ಇಲ್ಲ ಸಾರ್. ನಾನು ಜಗಲಿ ಮೇಲಿದ್ದೆ. ನೋಡಿದ್ದು ನಮ್ಮ ಅಣ್ಣನ ಮಗಳು."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಕಂಬದ ಹಿಂದೆ ಸರಿದೆ. ಅಲ್ಲಿ ಮುನಿಶಾಮಮ್ಮ ಮೊದಲೇ ಬಚ್ಚಿಟ್ಟುಕೊಂಡಿದ್ದಳು.

"ಸರಿ, ಸಹಿ ಹಾಕಿ ಕೊಡಿ. ನಾನೂರು ಒಲೆ ಇದೊಂದು ಕಾಗದದ ಮೇಲೆ ನಿಂತಿದೆ" ಎಂದು ಸಾಹೇಬರು ತಮ್ಮ ಪೆನ್ನು ಕೊಟ್ಟರು.

ಚಿಕ್ಕಪ್ಪ ಪೆನ್ನು ಹಿಡಿದು ಕೈಚೀಲದ ಮೂಲೆ ನೋಡಿದರು. ಸತ್ಯವತಿಯನ್ನು ನೋಡಿದರು. ಕಾಗದದ ಮೇಲೆ ಶಾಯಿಯ ಒಂದು ದೊಡ್ಡ ಹನಿ ಬಿತ್ತು. ಆಮೇಲೆ ಸಹಿಗೆ ಮೊದಲು ಒಂದು ಸಾಲು ಗೀಚಿದರು. ಹೆದರಿಕೆಯಾದಾಗ ಅವರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ. ಗೀಚಿದ್ದನ್ನು ತಮಟೆಯವನ ಧ್ವನಿಯಲ್ಲಿ ಓದಿದರು.

"ಹಚ್ಚಿದ ಒಲೆ, ಒಂದು!"

ಗಂಗರತ್ನಮ್ಮನವರ ಬೀಸಣಿಗೆ ನಿಂತಿತು. ಚಿಕ್ಕಪ್ಪ ಕೊಟ್ಟ ಮಾತಿನಂತೆ ಯಾರ ಹೆಸರನ್ನೂ ಹೇಳಿರಲಿಲ್ಲ. ಆದರೆ ಇಡೀ ಜಕ್ಕೂರು ಒಂದೇ ಸಲಕ್ಕೆ ಕಂಬದ ಕಡೆ ತಿರುಗಿತು. ಅಷ್ಟು ದಿನ ಮುನಿಶಾಮಮ್ಮನನ್ನು ಬೈದಿದ್ದ ಊರು ಅದು. ಈಗ ಪರವೂರಿನವರ ಮುಂದೆ ಅವಳ ತಪ್ಪು ಬಯಲಾಯಿತು ಎನ್ನುವಾಗ ಅವಳೊಬ್ಬಳನ್ನೇ ಬಿಟ್ಟುಕೊಡಲು ಊರಿಗೆ ಮನಸ್ಸು ಬರಲಿಲ್ಲ.

ಮೊದಲು ಎದ್ದವಳು ಸೊಣ್ಣಮ್ಮ. "ಅವಳೊಬ್ಬಳ್ನೇ ಇಡ್ಕಂಡ್ರೆ ಎಂಗೆ? ನಾನೂ ಅಚ್ತೀನಿ! ದಿನಾ ಅಚ್ತೀನಿ!"

"ನಾನೂವೆ!" ಎಂದಳು ಲಕ್ಕಣ್ಣನವರ ಸೊಸೆ.

"ಊರ್ನೋರೆಲ್ಲ ಅಚ್ತೀವಿ ಸೋಮಿ! ತಪ್ಪು ಅಂದ್ರೆ ಎಲ್ಲಾರ್ದೂ ತಪ್ಪು!" ಎಂದು ಲಕ್ಕಣ್ಣನವರು ಎದೆ ತಟ್ಟಿಕೊಂಡರು. "ನಂಬಲ್ವಾ? ಓಗ್ರಮ್ಮೀ, ಅಚ್ಚಿ ತೋರ್ಸಿ!"

ಹೆಂಗಸರು ಸೆರಗು ಕಟ್ಟಿ ಓಡಿದರು. ಎಣಿಸಿ ಹತ್ತು ನಿಮಿಷದಲ್ಲಿ ಮೂವತ್ತೊಂಬತ್ತು ಹೊಗೆಯಿಲ್ಲದ ಒಲೆಗಳು ಉರಿಯತೊಡಗಿದವು. ಒಂದು ಸಣ್ಣ ಸಂಗತಿ ಯಾರಿಗೂ ನೆನಪಿರಲಿಲ್ಲ. ಕಳೆದ ಮಳೆಗಾಲದಲ್ಲಿ ನೀರು ಬಿದ್ದು ಸುಣ್ಣ ಕರಗೀತೆಂದು ಮುನಿಶಾಮಮ್ಮನ ಹೊರತು ಹೆಚ್ಚಿನವರೆಲ್ಲ ಕೊಳವೆಗಳಿಗೆ ಗೋಣಿಚೀಲ ತುರುಕಿದ್ದರು. ತುರುಕದ ಕಡೆ ಗುಬ್ಬಚ್ಚಿ ಗೂಡು ಕಟ್ಟಿತ್ತು.

ಹೊಗೆ ಮೊದಲು ಬಾಗಿಲಿನಿಂದ ಬಂತು, ಆಮೇಲೆ ಕಿಟಕಿಯಿಂದ, ಕೊನೆಗೆ ಹೆಂಚಿನ ಸಂದಿಗಳಿಂದ. ಸೊಣ್ಣಮ್ಮನ ಕೋಳಿ ಕೂಗುತ್ತ ಚಪ್ಪರದ ಮೇಲಿಂದ ಹಾರಿ ಗಂಗರತ್ನಮ್ಮನವರ ತೊಡೆಯ ಮೇಲೆ ಇಳಿಯಿತು. ಹುರಿದ ಅವರೆಕಾಳಿನ ಪರಿಮಳ ಊರೆಲ್ಲ ತುಂಬಿತು. ಮೇಲೆ ಹಾರುತ್ತಿದ್ದ ವಿಮಾನವೊಂದು ಗಾಬರಿಯಿಂದ ತಗ್ಗಿನಲ್ಲಿ ಎರಡು ಸುತ್ತು ಹಾಕಿತು. ಸ್ವಲ್ಪ ಹೊತ್ತಿಗೆ ವಿಮಾನದ ಮೈದಾನದಿಂದ ಇಬ್ಬರು ಮರಳು ತುಂಬಿದ ಬಕೆಟ್ಟು ನೇತುಹಾಕಿಕೊಂಡು ಸೈಕಲ್ಲಿನಲ್ಲಿ ಬಂದರು.

"ಯಾವ ಮನೆ? ಯಾವ ಮನೆ?"

"ಎಲ್ಲಾ ಮನೆ!" ಎಂದರು ಲಕ್ಕಣ್ಣನವರು ಹೆಮ್ಮೆಯಿಂದ.

ದಸ್ತಗೀರ್ ಸಾಹೇಬರು ಕರವಸ್ತ್ರದಲ್ಲಿ ಕಣ್ಣೊರೆಸಿಕೊಳ್ಳುತ್ತ ಅಧ್ಯಕ್ಷೆಯವರ ಕಡೆ ನೋಡಿದರು. "ಇದು ಹೊಗೆಯಲ್ಲ ಸಾರ್" ಎಂದರು ಗಂಗರತ್ನಮ್ಮ ಕೋಳಿಯನ್ನು ಪಕ್ಕಕ್ಕೆ ತಳ್ಳುತ್ತ. "ಮಂಜು." ಹೊತ್ತು ಹನ್ನೊಂದೂವರೆ. ಫಾಲ್ಗುಣದ ಬಿಸಿಲು ನೆತ್ತಿ ಸುಡುತ್ತಿತ್ತು.

ಇಡೀ ಊರಿನಲ್ಲಿ ಉಸಿರಾಡಲು ಉಳಿದ ಜಾಗ ಒಂದೇ, ಮುನಿಶಾಮಮ್ಮನ ಅಡಿಗೆಮನೆ. ದೆಹಲಿಯವರು, ಯಶವಂತಪುರದವರು, ಮರಳಿನ ಬಕೆಟ್ಟಿನವರು ಎಲ್ಲ ಅಲ್ಲಿಗೇ ನುಗ್ಗಿದರು. ಪರವೂರ ಗಂಡಸರು ಅಡಿಗೆಮನೆಗೆ ಹೋಗಬಾರದೆಂಬ ನಿಯಮ ಆ ಒಂದು ದಿನ ರದ್ದಾಯಿತು. ಒಲೆ ಕಪ್ಪಾಗಿತ್ತು, ಅದರ ಮೇಲೆ ಸಾರು ಕುದಿಯುತ್ತಿತ್ತು, ಹೊಗೆ ಇರಲಿಲ್ಲ. ಆದರೆ ಒಲೆಯ ಪಕ್ಕದಲ್ಲಿ ನೆಲದ ಮೇಲೆ ಹಳೆಯ ಮೂರು ಕಲ್ಲುಗಳೂ ಇದ್ದವು.

"ಇದ್ಯಾಕಮ್ಮಾ?" ಎಂದು ಕೇಳಿದರು ಸಾಹೇಬರು.

"ಇಟ್ಟು ಮಾಡಾಕೆ ಸೋಮಿ. ಈ ಒಲೆ ಮ್ಯಾಲೆ ಸಾರು ಆಯ್ತದೆ, ಮುದ್ದೆ ಆಗಾಕಿಲ್ಲ. ಕುಕ್ಕರುಗಾಲಲ್ಲಿ ಕೂತು, ಮಡಕೆ ಒತ್ತಿ ಇಡ್ಕಂಡು, ಮೈಬಾರ ಬಿಟ್ಟು ತೊಳಸ್ಬೇಕು. ಇದು ಸೊಂಟದ ಮಟ್ಟಕ್ಕದೆ, ಮಡಕೆ ಎದೆಗೆ ಬತ್ತದೆ. ನಿಂತ್ಕಂಡು ಇಟ್ಟು ತೊಳ್ಸಾಕೆ ನಾವೇನು ಭೀಮಸೇನ್ರಾ?"

ಸಾಹೇಬರು ಗಂಗರತ್ನಮ್ಮನವರ ಕಡೆ ತಿರುಗಿ, "ತಾವು ಮುದ್ದೆ ಊಟ ಮಾಡ್ತೀರಾ ತಾಯಿ?" ಎಂದರು.

"ನಮ್ಮಲ್ಲಿ ಅನ್ನ" ಎಂದರು ಅಧ್ಯಕ್ಷೆ.

ನಾನೂರು ಒಲೆಯ ಮಾತು ಅಲ್ಲಿಗೆ ನಿಂತಿತು. ಮೊದಲು ಮುನಿಶಾಮಮ್ಮ ಹೇಳಿದ ಎತ್ತರಕ್ಕೆ ಒಂದೇ ಒಂದು ಒಲೆ ಕಟ್ಟಬೇಕು, ಅದರಲ್ಲಿ ಮುದ್ದೆಯಾಗಬೇಕು, ಆಮೇಲೆ ಉಳಿದದ್ದು ಎಂದು ಸಾಹೇಬರು ಬರೆದುಕೊಂಡರು. ಗಂಗರತ್ನಮ್ಮ ಆರ್ಡರನ್ನು ಚೀಲದಿಂದ ತೆಗೆದು ನಾಲ್ಕಾಗಿ ಹರಿದರು. "ನಾಳೆಯಿಂದ ನೀವು ಸಂಘಕ್ಕೆ ಬರೋದು ಬೇಡ ಗುಂಡಣ್ಣ."

ಜಯಸಿಂಹರು ಮುಂದೆ ಬಂದರು. "ಅಂದ್ರೆ, ಈಗ ನೀವು ಖಾಯಮ್ಮೂ ಅಲ್ಲ, ಟೆಂಪರರಿಯೂ ಅಲ್ಲ."

"ಅಲ್ಲ" ಎಂದರು ಚಿಕ್ಕಪ್ಪ.

"ಹೊಸ ಒಲೆ ಬಗ್ಗೆ ಮನೆ ಮನೆಗೆ ಹೋಗಿ ಕೇಳೋಕೆ ನನಗೆ ಒಬ್ಬರು ಬೇಕು" ಎಂದರು ಸಾಹೇಬರು. "ಪ್ರಶ್ನೆ ಇವರೇ ಮಾಡಲಿ. ಜೊತೆಗೆ ಈ ಹುಡುಗಿಯೂ ಬರಲಿ. ಆದ್ರೆ ಮೂರು ತಿಂಗಳ ಕೆಲಸ. ಟೆಂಪರರಿ."

"ಟೆಂಪರರಿ!" ಎಂದು ಜಯಸಿಂಹರು ಶಲ್ಯ ಕೊಡವಿ ಹೆಗಲಿಗೆ ಹಾಕಿಕೊಂಡರು. "ನಡೀರಿ, ಬಸ್ಸಿಗೆ ಹೊತ್ತಾಯ್ತು. ಟೆಂಪರರಿಯವನಿಗೆ ಹೆಣ್ಣು ಕೊಡೋ ಅಪ್ಪ ನಾನಲ್ಲ. ಅಂಥ ಅಪ್ಪ ಎಲ್ಲೂ ಇಲ್ಲ."

ಚಿಕ್ಕಪ್ಪ ಸಾರಿನ ಪಾತ್ರೆಯನ್ನೇ ನೋಡುತ್ತ ನಿಂತಿದ್ದರು. ಆಗ ಸತ್ಯವತಿ ಮೊದಲ ಸಲ ಬಾಯಿ ತೆರೆದಳು.

"ಅಮ್ಮಾ, ತಾತ ನಿನ್ನ ಅಪ್ಪನಿಗೆ ಕೊಟ್ಟಾಗ ಅಪ್ಪಂದು ಖಾಯಂ ಆಗಿತ್ತಾ?"

"ಎಲ್ಲಿ ಬಂತು!" ಎಂದರು ಅವಳ ತಾಯಿ, ಊಟದ ಎಲೆ ಒರೆಸುತ್ತ, ಬಹಳ ಸಹಜವಾಗಿ. "ನೀನು ಹುಟ್ಟಿ, ನಡೆಯೋಕೆ ಕಲಿತ ಮೇಲೆ ಖಾಯಂ ಆಯ್ತು. ಒಂಬತ್ತು ವರ್ಷ ಟೆಂಪರರಿ."

ಅಡಿಗೆಮನೆಯಲ್ಲಿದ್ದವರೆಲ್ಲ ಟಿಕೆಟ್ ಕಲೆಕ್ಟರ ಕೈ ನೋಡಿದರು.

"ಲೇ, ಇಷ್ಟು ಜನರ ಮುಂದೆ ಹೇಳೋ ಮಾತೇನೇ ಇದು?" ಎಂದರು ಜಯಸಿಂಹರು. "ಏಳು ಸಂಬಂಧ ನಾನು ಟೆಂಪರರಿ ಅಂತ ವಾಪಸ್ ಕಳಿಸಿದೀನಿ. ಆಗೆಲ್ಲ ಒಂದು ದಿನಾನೂ ಬಾಯಿ ಬಿಡ್ಲಿಲ್ಲ ನೀನು!"

"ಯಾರೂ ಕೇಳಲಿಲ್ವಲ್ಲ" ಎಂದರು ಆಕೆ.

ಮುನಿಶಾಮಮ್ಮ ಎಲೆ ಹಾಸತೊಡಗಿದಳು. ಜಯಸಿಂಹರ ಎಲೆಯ ಪಕ್ಕದಲ್ಲೇ ಚಿಕ್ಕಪ್ಪನ ಎಲೆಯನ್ನೂ ಹಾಕಿದಳು. ಅದನ್ನು ನೋಡಿ ಜಯಸಿಂಹರಿಗೆ ವಿಪರೀತ ಕೆಮ್ಮು ಬಂತು. ಹಾಳು ಹೊಗೆ, ಹಾಳು ಹೊಗೆ ಎಂದು ಕೆಮ್ಮುತ್ತ ಶಲ್ಯ ತೆಗೆದಿಟ್ಟು ಊಟಕ್ಕೆ ಕೂತರು. ಆ ಹೊತ್ತಿಗೆ ಊರಿನ ಹೊಗೆಯೆಲ್ಲ ತಿಳಿಯಾಗಿ ಬಹಳ ಹೊತ್ತಾಗಿತ್ತು.